ಫಾಂಡೆಂಟ್ ಕೆಲಸಕ್ಕೆ ಲಟ್ಟಣಿಗೆಯ ಆಯ್ಕೆ: ನನ್ನ ಅನುಭವ

ವಿಜಯಪುರದ ನಮ್ಮ ಮನೆಯಿಂದಲೇ ಹುಟ್ಟುಹಬ್ಬ, ಮದುವೆಗಳಿಗೆ ಕೇಕ್ ಮಾಡಿಕೊಡುವ ನಾನು ಫಾಂಡೆಂಟ್ (ಲಟ್ಟಿಸಿ ಕೇಕಿನ ಮೇಲೆ ಹಾಳೆಯಂತೆ ಹೊದಿಸುವ ಸಕ್ಕರೆಯ ಕಣಕ) ಕೆಲಸದ ಲಟ್ಟಣಿಗೆಯಲ್ಲಿ ಮೊದಲು ನೋಡುವುದು ಉದ್ದವನ್ನು. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ ಒಂದೇ ಹಾಳೆ ಹೊದಿಸಬೇಕಾದರೆ ಮೇಲ್ಭಾಗಕ್ಕೆ 8 ಇಂಚು, ಎರಡೂ ಬದಿಗೆ ನಾಲ್ಕು ನಾಲ್ಕು, ಅಂಚು ಕತ್ತರಿಸಲು ಇನ್ನೆರಡು, ಹೀಗೆ ಸುಮಾರು 18 ಇಂಚಿನ ಹಾಳೆ ಬೇಕಾಗುತ್ತದೆ. ಚಪಾತಿಯ ಲಟ್ಟಣಿಗೆ ಇಲ್ಲಿ ಸಾಲುವುದಿಲ್ಲ. ಅದರ ತುದಿ ಹಾಳೆಯ ನಡುವೆಯೇ ಊರಿ ಗೆರೆ ಮೂಡಿಸುತ್ತದೆ. ಆದ್ದರಿಂದ ಹಿಡಿಕೆಯಿಲ್ಲದ, ಉದ್ದಕ್ಕೂ ಒಂದೇ ದಪ್ಪದ, 20 ಇಂಚಿನ ಲಟ್ಟಣಿಗೆಯನ್ನು ಇಟ್ಟುಕೊಂಡಿದ್ದೇನೆ.

ಉದ್ದಕ್ಕೆ ನಾನು ಇಷ್ಟು ಮಹತ್ವ ಕೊಡಲು ನಮ್ಮೂರಿನ ಹವೆಯೂ ಕಾರಣ. ಬೇಸಿಗೆಯ ಒಣ ಗಾಳಿಯಲ್ಲಿ ಫಾಂಡೆಂಟಿನ ಮೇಲ್ಮೈ ಬೇಗನೆ ಬಿರುಸಾಗುತ್ತದೆ, ಹೊದಿಸುವಾಗ ಕೇಕಿನ ಅಂಚಿನಲ್ಲಿ ಆನೆಯ ಚರ್ಮದಂತೆ ಸುಕ್ಕುಗಟ್ಟಿ ಬಿರಿಯುತ್ತದೆ. ಉದ್ದವೂ ತಕ್ಕಷ್ಟು ಭಾರವೂ ಇರುವ ಲಟ್ಟಣಿಗೆಯಾದರೆ ಕೆಲವೇ ಸಲ ಉರುಳಿಸಿದರೂ ಹಾಳೆ ಹರಡುತ್ತದೆ, ಅದು ಒಣಗುವ ಮೊದಲೇ ಕೇಕಿನ ಮೇಲೆ ಕೂಡುತ್ತದೆ. ಆ ದಿನಗಳಲ್ಲಿ ಕಾರ್ನ್‌ಫ್ಲೋರ್ ಉದುರಿಸಿದರೆ ಹಾಳೆ ಇನ್ನಷ್ಟು ಒಣಗುವುದರಿಂದ ಮಣೆಗೂ ಲಟ್ಟಣಿಗೆಗೂ ವನಸ್ಪತಿಯನ್ನು ತೆಳ್ಳಗೆ ಸವರುತ್ತೇನೆ. ಮಳೆಗಾಲದಲ್ಲಿ ಫಾಂಡೆಂಟ್ ಜಿಗುಟಾದಾಗ ಮಾತ್ರ ಕಾರ್ನ್‌ಫ್ಲೋರ್ ಹಿಡಿಯುತ್ತೇನೆ.

ಕಟ್ಟಿಗೆಯ ಲಟ್ಟಣಿಗೆ ಹೋಳಿಗೆಗೆ ಎಷ್ಟೇ ಒಳ್ಳೆಯದಾದರೂ ಅದರ ನಾರಿನ ಗೆರೆಗಳು ಫಾಂಡೆಂಟಿನ ಮೇಲೆ, ವಿಶೇಷವಾಗಿ ಗಾಢ ಬಣ್ಣದ ಹಾಳೆಯ ಮೇಲೆ, ಎದ್ದು ಕಾಣುತ್ತವೆ. ಅಡುಗೆಮನೆಯಲ್ಲಿ ಬಳಸಿದ್ದಾದರೆ ಎಣ್ಣೆಯ ವಾಸನೆಯೂ ಸಕ್ಕರೆಗೆ ಹತ್ತುತ್ತದೆ. ಸಿಲಿಕಾನ್ ಹೊದಿಕೆಯದು ಅಂಟುವುದಿಲ್ಲ, ಆದರೆ ಬಟ್ಟೆಯ ಎಳೆ, ಧೂಳನ್ನು ಎಳೆದುಕೊಳ್ಳುತ್ತದೆ, ಬಿಳಿಯ ಫಾಂಡೆಂಟಿನಲ್ಲಿ ಒಂದು ಎಳೆ ಸಿಕ್ಕಿಕೊಂಡರೂ ಕಣ್ಣಿಗೆ ಚುಚ್ಚುತ್ತದೆ. ಅಮೃತಶಿಲೆಯದು ತಂಪಾಗಿರುತ್ತದೆ, ಆದರೆ ಉದ್ದ ಹೆಚ್ಚಿದಂತೆ ಕೈಗೆ ಬಲು ಭಾರ. ನನಗೆ ಒಗ್ಗಿದ್ದು ನುಣುಪಾದ, ಒಳಗೂ ತುಂಬಿದ ಗಟ್ಟಿ ಪ್ಲಾಸ್ಟಿಕ್ಕಿನದು. ಟೊಳ್ಳಾದ ತೆಳು ಕೊಳವೆಯನ್ನು ನಾನು ಕೊಳ್ಳುವುದಿಲ್ಲ, ಏಕೆಂದರೆ ಎರಡೂ ತುದಿಗಳನ್ನು ಒತ್ತಿದಾಗ ಅದು ನಡುವೆ ಬಾಗಿ, ಹಾಳೆಯ ಮಧ್ಯಭಾಗ ದಪ್ಪವಾಗಿಯೇ ಉಳಿಯುತ್ತದೆ. ಕೊಳ್ಳುವ ಮೊದಲು ಲಟ್ಟಣಿಗೆಯನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ನಿಧಾನವಾಗಿ ಉರುಳಿಸಿ, ಕೆಳಗಿನಿಂದ ಬೆಳಕು ಇಣುಕುತ್ತದೆಯೇ ಎಂದು ನೋಡುತ್ತೇನೆ. ಇಣುಕಿದರೆ ಅದು ಸೊಟ್ಟಗಿದೆ ಎಂದೇ ಅರ್ಥ.

ಹಾಳೆ ಎಲ್ಲ ಕಡೆ 3ರಿಂದ 4 ಮಿಲಿಮೀಟರ್ ದಪ್ಪವಿರಲೆಂದು ಲಟ್ಟಣಿಗೆಯ ತುದಿಗಳಿಗೆ ಉಂಗುರ ತೊಡಿಸುವುದುಂಟು. ಲಟ್ಟಣಿಗೆ ಹಾಳೆಗಿಂತ ಅಗಲವಾಗಿದ್ದರೆ ಮಾತ್ರ ಅವು ಮಣೆಯ ಮೇಲೆ ಉರುಳುತ್ತವೆ, ಇಲ್ಲವಾದರೆ ಫಾಂಡೆಂಟನ್ನೇ ತುಳಿಯುತ್ತವೆ. ದೊಡ್ಡ ಕೇಕುಗಳಿಗೆ ನಾನು ಉಂಗುರದ ಬದಲು, ಅಷ್ಟೇ ದಪ್ಪದ ಎರಡು ಪಟ್ಟಿಗಳನ್ನು ಹಾಳೆಯ ಅಕ್ಕಪಕ್ಕ ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಓಡಿಸುತ್ತೇನೆ. ಹೂವಿನ ಎಸಳುಗಳಿಗೆ ಮಾತ್ರ 6 ಇಂಚಿನ ಸಣ್ಣದೊಂದನ್ನು ಬೇರೆಯಾಗಿಯೇ ಇಟ್ಟಿದ್ದೇನೆ, ಏಕೆಂದರೆ ಅಷ್ಟು ತೆಳ್ಳಗೆ ಒತ್ತುವಾಗ ಬೆರಳಿನ ಹಿಡಿತಕ್ಕೆ ದೊಡ್ಡದು ಒದಗುವುದಿಲ್ಲ.