ಎಲ್ಲವೂ ಹಳದಿಯೇ: ಅಕ್ಕನಿಗೆ ಕಳಿಸಿದ ಬಟ್ಟಲುಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ನನ್ನ ಕೆಲಸ ಪಂಪು ರಿಪೇರಿ. ಅಡಿಕೆ ತೋಟದ ಸಬ್‌ಮರ್ಸಿಬಲ್ ಸುಟ್ಟರೆ, ಕೆರೆಯ ಮೋಟಾರು ನೀರು ಎಳೆಯದಿದ್ದರೆ ಫೋನು ಬರುತ್ತದೆ. ಹಾಗಾಗಿ ಡಿಸೆಂಬರಿನಿಂದ ಮೇ ತನಕ ವಾರದಲ್ಲಿ ಮೂರು ನಾಲ್ಕು ದಿನ ಮಧ್ಯಾಹ್ನದ ಊಟ ಹೊರಗೆಯೇ. ಒಂದೋ ಹೋಟೆಲಿನಲ್ಲಿ, ಇಲ್ಲವಾದರೆ ಪಂಪು ಕೆಟ್ಟವರ ಮನೆಯಲ್ಲಿ. ಮಳೆ ಹಿಡಿದ ಮೇಲೆ ಪಂಪಿಗೂ ರಜೆ, ನನಗೂ ರಜೆ.

ಈ ಊಟಗಳನ್ನು ಪುಣೆಯಲ್ಲಿರುವ ಅಕ್ಕನಿಗೆ ಕಳಿಸಲು ಶುರು ಮಾಡಿದ್ದು 2020ರ ಮಾರ್ಚ್ ಕೊನೆಗೆ. ಲಾಕ್‌ಡೌನ್ ಆಗಿತ್ತು, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು, ಮಂಗಳೂರಿನಿಂದ ಬರುವ ತರಕಾರಿ ನಮ್ಮ ಪೇಟೆಯ ಅಂಗಡಿಯಲ್ಲಿ ಕೆಲವು ದಿನ ಕಾಣಲೇ ಇಲ್ಲ. ಅಕ್ಕ ಅಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಬಟಾಟೆ ಎಣಿಸುತ್ತಾ ಕೂತಿದ್ದಳು. ದಿನಾ ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಂತ ಊಟ?" ಹೇಳಿ ಹೇಳಿ ಸಾಕಾಗಿ ಒಂದು ದಿನ ಬಟ್ಟಲಿನ ಫೋಟೋ ತೆಗೆದು ಕಳಿಸಿದೆ. ಅಮ್ಮ ಬೈದರು. "ಅದೆಂತ ಮಾರಾಯ, ಉಣ್ಣುವ ಅನ್ನದ ಫೋಟೋ ತೆಗೆಯುವುದು?"

ಐದು ದಿನ ಕಳಿಸಿದೆ. ಆರನೇ ದಿನ ಅಕ್ಕನ ಉತ್ತರ ಬಂತು: "ನಿನ್ನೆಯ ಫೋಟೋವನ್ನೇ ಪುನಃ ಕಳಿಸಿದ್ದೀಯಾ?"

ಆರೂ ಫೋಟೋ ತೆಗೆದು ಸಾಲಾಗಿ ನೋಡಿದೆ. ಅವಳು ಹೇಳಿದ್ದು ಸರಿ. ಸ್ಟೀಲಿನ ಬಟ್ಟಲು, ಕುಚ್ಚಲಕ್ಕಿ ಅನ್ನ, ಮೇಲೆ ಒಂದು ಸೌಟು ಹಳದಿ. ಒಂದು ದಿನ ಸೌತೆಕಾಯಿ ಮೇಲಾರ, ಒಂದು ದಿನ ಬಾಳೆಕಾಯಿ ಮಜ್ಜಿಗೆಹುಳಿ, ಒಂದು ದಿನ ಹಲವು ತರಕಾರಿಯ ಅವಿಲು, ಒಂದು ದಿನ ಗುಜ್ಜೆಯ, ಅಂದರೆ ಎಳೆ ಹಲಸಿನ ಬೋಳುಹುಳಿ. ನಾಲಗೆಗೆ ಒಂದಕ್ಕೊಂದು ಸಂಬಂಧವಿಲ್ಲ. ಕ್ಯಾಮೆರಾಕ್ಕೆ ಮಾತ್ರ ಎಲ್ಲವೂ ಒಂದೇ ಹಳದಿ. ನಮ್ಮ ಊರಿನ ಅಡಿಗೆ ಫೋಟೋಕ್ಕೆ ಹುಟ್ಟಿದ್ದಲ್ಲ ಎಂದು ಅವತ್ತೇ ಗೊತ್ತಾಯಿತು.

ಅಂದಿನಿಂದ ಫೋಟೋದ ಕೆಳಗೆ ಬರೆಯಲು ಶುರು ಮಾಡಿದೆ. ಬರೆಯಲು ಕೂತಾಗ ಇನ್ನೊಂದು ತೊಂದರೆ. ನಲುವತ್ತು ವರ್ಷ ಉಂಡದ್ದು ಹೌದು, ಆದರೆ ಮೇಲಾರಕ್ಕೂ ಮಜ್ಜಿಗೆಹುಳಿಗೂ ಇರುವ ವ್ಯತ್ಯಾಸ ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ಅಮ್ಮನನ್ನು ಕೇಳಿದರೆ "ಅದು ಅದೇ, ಇದು ಇದೇ" ಎಂಬ ಉತ್ತರ. ಕೊನೆಗೆ ಬೆಳಿಗ್ಗೆ ಹತ್ತು ಗಂಟೆಗೆ ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುವುದೇ ದಾರಿಯಾಯಿತು. ಅರೆಯುವ ಕಲ್ಲಿಗೆ, ಅಲ್ಲ ಈಗ ಗ್ರೈಂಡರಿಗೆ, ಏನೇನು ಬೀಳುತ್ತದೆ ಎಂದು ನೋಡಿದರೆ ಸಾಕು, ಅರ್ಧ ಗುಟ್ಟು ಅಲ್ಲೇ. ಮೇಲಾರಕ್ಕೆ ಹಸಿ ತೆಂಗಿನಕಾಯಿ, ಹುಳಿ ಮಜ್ಜಿಗೆ. ಹುರಿದ ಮಸಾಲೆ ಇಲ್ಲವೇ ಇಲ್ಲ. ನಮ್ಮ ಸಾಂಬಾರಾದ ಕೊದಿಲಿಗೆ ಕೊತ್ತಂಬರಿ, ಮೆಂತೆ, ಒಣಮೆಣಸು ಹುರಿದು ಕಾಯಿಯೊಟ್ಟಿಗೆ ಅರೆಯಬೇಕು. ಸಾಸಮೆ ಬೇಯಿಸುವ ಪದಾರ್ಥವೇ ಅಲ್ಲ. ಕಾಯಿ ಸಾಸಿವೆ ಅರೆದು ಮೊಸರಿಗೆ ಸೇರಿಸಿದರೆ ಆಯಿತು. ಬೋಳುಹುಳಿಗೆ ಕಾಯಿ ಹಾಕುವುದಿಲ್ಲ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಮುಗಿಯಿತು. ಕಾಯಿ ಇಲ್ಲದ್ದಕ್ಕೇ ಅದು ಬೋಳು. ಇಷ್ಟು ವರ್ಷ ಆ ಹೆಸರನ್ನು ಬಾಯಿಯಲ್ಲಿ ಹೇಳುತ್ತಿದ್ದೆ, ಕಿವಿಯಲ್ಲಿ ಕೇಳಿಸಿಕೊಂಡಿರಲಿಲ್ಲ.

ಆ ವರ್ಷ ಏಪ್ರಿಲ್ ಮೇ ಪೂರ್ತಿ ಹಲಸು. ಗುಜ್ಜೆ ಪಲ್ಯ, ಬೆಳೆದ ಸೊಳೆಯ (ತೊಳೆಯ) ಪಲ್ಯ, ಬೇಳೆಯ (ಹಲಸಿನ ಬೀಜದ) ಸಾರು, ಹಣ್ಣಾದ ಮೇಲೆ ಬಾಳೆಲೆಯಲ್ಲಿ ಬೇಯಿಸುವ ಕೊಟ್ಟಿಗೆ ಎಂಬ ಕಡುಬು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದಾಗ ಅಮ್ಮ ಪೇಪರು ಮಡಚಿ "ಈಗ ಗೊತ್ತಾಯಿತಾ ಇವರಿಗೆ" ಎಂದಿದ್ದರು. ಆ ಎರಡು ತಿಂಗಳು ಅಕ್ಕನಿಗೆ ಕಳಿಸಿದ ಬರಹದಲ್ಲಿ ಹಲಸು ಎಂಬ ಪದ ಇಲ್ಲದ ದಿನ ಇರಲಿಕ್ಕಿಲ್ಲ.

ಅವಳು ಮೂರು ಸಲ ಪುನಃ ಬರೆಸಿಕೊಂಡದ್ದು ಉಪ್ಪುಸೊಳೆ ರೊಟ್ಟಿಯದ್ದು. ಬೇಸಗೆಯಲ್ಲಿ ಬೆಳೆದ, ಆದರೆ ಹಣ್ಣಾಗದ ಸೊಳೆಯ ಬೇಳೆ ತೆಗೆದು ಭರಣಿಯಲ್ಲಿ ಉಪ್ಪು ಬೆರೆಸಿ ಒತ್ತಿ ತುಂಬಿ, ಮೇಲೆ ಭಾರ ಹೇರಿ ಇಡುತ್ತೇವೆ. ಜುಲೈಯಲ್ಲಿ ಮಳೆ ಬಿಡದೆ ಹೊಯ್ಯುವಾಗ ಮುಚ್ಚಳ ತೆಗೆಯುವುದು. ಒಂದು ವಾಸನೆ ಬರುತ್ತದೆ, ಅಭ್ಯಾಸ ಇಲ್ಲದವರು ಎದ್ದು ಹೋಗುತ್ತಾರೆ. ಸೊಳೆಯನ್ನು ಹಿಂಡಿ ರಾತ್ರಿಯಿಡೀ ನೀರಿನಲ್ಲಿ ಹಾಕಿ, ನಡುವೆ ಎರಡು ಮೂರು ಸಲ ನೀರು ಬದಲಿಸಬೇಕು. ಮೊದಲ ಸಲ ನಾನು ಅಕ್ಕನಿಗೆ ಬರೆಯುವಾಗ ಈ ನೀರು ಬದಲಿಸುವ ಮಾತನ್ನೇ ಬಿಟ್ಟಿದ್ದೆ. ಊರಿನಿಂದ ಕೊರಿಯರಿನಲ್ಲಿ ಹೋದ ಸೊಳೆಯಿಂದ ಅವಳು ಮಾಡಿದ ರೊಟ್ಟಿಯನ್ನು ಭಾವ ಒಂದು ತುಂಡು ತಿಂದು ಒಂದು ಚೆಂಬು ನೀರು ಕುಡಿದರಂತೆ. ಸಾಮಾನ್ಯ ಅಡಿಗೆಯನ್ನು ಬರೆದು ತಿಳಿಸುವಾಗ ಆಗುವ ತಪ್ಪು ಇದೇ. ದಿನಾ ಮಾಡುವವರಿಗೆ ಅದು ಹೇಳುವಂಥ ವಿಷಯವೆಂದೇ ಕಾಣುವುದಿಲ್ಲ.

ಉಪ್ಪು ಇಳಿದ ಸೊಳೆ, ನೆನೆದ ಬೆಳ್ತಿಗೆ ಅಕ್ಕಿ, ಕಾಯಿತುರಿ ಮೂರನ್ನೂ ನೀರು ಹಾಕದ ಹಾಗೆ ಗಟ್ಟಿಗೆ ಅರೆದು ಬಾಡಿಸಿದ ಬಾಳೆಲೆಯ ಮೇಲೆ ತಟ್ಟುವುದು. ಎಲೆ ಸಮೇತ ಕಾವಲಿಗೆ ಕವುಚಿ ಹಾಕಿ ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಎಲೆ ತಾನೇ ಬಿಡುತ್ತದೆ. ಎಲೆಯ ಗೆರೆಗಳು ರೊಟ್ಟಿಯ ಬೆನ್ನ ಮೇಲೆ ಅಚ್ಚಾಗಿರುತ್ತವೆ. ಇದೊಂದರ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಪೂರ್ವದ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಗೆರೆ ಎದ್ದು ಕಾಣುತ್ತದೆ. ಆಮೇಲಿನಿಂದ ಬಟ್ಟಲನ್ನು ಆ ಕಿಟಕಿಯ ಹತ್ತಿರವೇ ಇಡುತ್ತೇನೆ. ಟ್ಯೂಬ್‌ಲೈಟಿನ ಅಡಿಯಲ್ಲಿ ಸ್ಟೀಲು ಹೊಳೆದು ಅನ್ನ ಸುಣ್ಣದ ಹಾಗೆ ಕಾಣುತ್ತದೆ; ಒಂದು ತುಂಡು ಬಾಳೆಲೆ ಹಾಸಿದರೆ ಅದೂ ಸರಿಯಾಗುತ್ತದೆ. ಫೋಟೋದ ಬಗ್ಗೆ ನನಗೆ ಇಷ್ಟೇ ಗೊತ್ತಿರುವುದು.

ರಸ್ತೆ ತೆರೆದು ಕೆಲಸ ಶುರುವಾದ ಮೇಲೆ ಹೋಟೆಲಿನ ಊಟಗಳೂ ಪುಣೆಗೆ ಹೋಗತೊಡಗಿದವು. ಹೋಟೆಲಿನಲ್ಲಿ ನಾನು ಹನ್ನೆರಡೂವರೆಯ ಒಳಗೆ ಕೂರುತ್ತೇನೆ. ಒಂದು ಗಂಟೆಯ ಮೇಲೆ ಬಡಿಸುವವರಿಗೆ ಮಾತಾಡಲು ಪುರುಸೊತ್ತಿಲ್ಲ, ಮತ್ತು ನನಗೆ ಬೇಕಾದದ್ದು ಮಾತು. ಹೋಟೆಲಿನಲ್ಲಿ ನನ್ನ ಎಲೆ ಬಿಟ್ಟು ಬೇರೆ ಯಾವುದರ ಮೇಲೂ ಮೊಬೈಲು ಹಿಡಿಯುವುದಿಲ್ಲ. ಒಮ್ಮೆ ಒಂದು ಹೋಟೆಲಿನಲ್ಲಿ ಕೇಳದೆ ಫೋಟೋ ತೆಗೆದಾಗ ಕ್ಯಾಶಿನಲ್ಲಿ ಕೂತವರು ಎದ್ದು ಬಂದು, "ಸರ್, ಯಾವ ಆಫೀಸು?" ಎಂದು ಕೇಳಿದರು. ಆಹಾರ ತಪಾಸಣೆಯವನು ಎಂದುಕೊಂಡಿದ್ದರು. ಪಂಪಿನವನು ಎಂದು ಕೈಯ ಗ್ರೀಸು ತೋರಿಸಿದ ಮೇಲೆ ನಕ್ಕು ಇನ್ನೊಂದು ಹಪ್ಪಳ ಹಾಕಿಸಿದರು.

ದಕ್ಷಿಣಕ್ಕೆ ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳದ ಹೆಸರುಗಳ ಗೊಂದಲ ಶುರು. ಕಾಞಂಗಾಡಿನಲ್ಲಿ ಒಂದು ಮಧ್ಯಾಹ್ನ ಅನ್ನ, ತೋರನ್, ಸಾಂಬಾರು ಎಲ್ಲ ಬಂದಿತ್ತು. ನನಗೆ ಸಾರು ಬೇಕಿತ್ತು. ಮಲಯಾಳ ಬರುತ್ತದೆ ಎಂಬ ಧೈರ್ಯದಲ್ಲಿ, ಕನ್ನಡದ ಸಾರನ್ನೇ ಸ್ವಲ್ಪ ತಿರುಚಿ "ಚಾರ್" ಎಂದು ಕೇಳಿದೆ. ಹುಡುಗ ತಲೆಯಾಡಿಸಿ ಹೋಗಿ ಒಂದು ಸೌಟು ಕೆಂಪು ದ್ರವ ತಂದು ಅನ್ನದ ನಡುವಿಗೆ ಸುರಿದ. ಮೀನಿನ ಸಾರು. ಅಲ್ಲಿ ಊಟಕ್ಕೆ ಮೀನಿನ ಚಾರು ದುಡ್ಡಿಲ್ಲದೆ ಹಾಕುವ ಕ್ರಮ ಇದೆ, ಚಾರು ಎಂದರೆ ಅದೇ ಎಂದು ಅವನ ಲೆಕ್ಕ. ನಾವು ಹೇಳುವ ಸಾರಿಗೆ ಅಲ್ಲಿ ರಸಂ ಎಂದೇ ಕೇಳಬೇಕು. ನಾನು ಮೀನು ತಿನ್ನುವವನಲ್ಲ. ಅವನ ತಪ್ಪೇನೂ ಇಲ್ಲದ ಕಾರಣ ಏನೂ ಹೇಳದೆ ಇನ್ನೊಂದು ಊಟದ ದುಡ್ಡು ಕೊಟ್ಟೆ. ಅಕ್ಕ ಈ ಕಥೆಯನ್ನು ಈಗಲೂ ಎಲ್ಲರೆದುರು ಹೇಳುತ್ತಾಳೆ. ಸಂಭಾರಂ ಕೇಳಿದರೆ ಸಾಂಬಾರು ಬರುವುದಿಲ್ಲ, ಶುಂಠಿ ಮೆಣಸು ಜಜ್ಜಿ ಹಾಕಿದ ಮಜ್ಜಿಗೆ ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ಕಲಿತಿದ್ದೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಬಡಿಸಿದವರು ಯಾವ ಹೆಸರು ಹೇಳುತ್ತಾರೋ ಅದನ್ನೇ ಮೊದಲು ಬರೆಯುವುದು, ನಮ್ಮ ಹೆಸರು ಆಮೇಲೆ. ತೋರನ್ ಎಂದರೆ ಕಾಯಿ ಹಾಕಿದ ನಮ್ಮ ಪಲ್ಯವೇ. ಪುಳಿಶ್ಶೇರಿ ನಮ್ಮ ಮಜ್ಜಿಗೆಹುಳಿಯ ದಾಯಾದಿ. ಆದರೆ ಅವರ ಪಪ್ಪಡವನ್ನು ನಮ್ಮ ಹಪ್ಪಳ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಉದ್ದಿನದ್ದು, ಗುಳ್ಳೆಯಾಗಿ ಉಬ್ಬುತ್ತದೆ. ನಮ್ಮ ಹಲಸಿನ ಹಪ್ಪಳ ಹಲ್ಲಿಗೆ ಕೆಲಸ ಕೊಡುವ ಜಾತಿ.

ಹೋಟೆಲು ಊಟಗಳಲ್ಲಿ ನಾನು ಅತಿ ಹೆಚ್ಚು ಸಲ ಕಳಿಸಿದ್ದು ದೊಡ್ಡ ಹೋಟೆಲಿನದ್ದಲ್ಲ, ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಹೆಂಗಸರು ನಡೆಸುವ, ಕಡಿಮೆ ದರದ ಜನಕೀಯ ಹೋಟೆಲಿನದ್ದು. 2020ರಲ್ಲಿ ಅಲ್ಲಿ ಊಟಕ್ಕೆ 20 ರೂಪಾಯಿ ಇತ್ತು, ಸರಕಾರದ ಸಬ್ಸಿಡಿ ನಿಂತ ಮೇಲೆ 30 ಆಯಿತು. ಅನ್ನ, ಒಂದು ತೋರನ್, ಅನ್ನಕ್ಕೆ ಕಲಸಲು ಒಂದು ಪದಾರ್ಥ, ಉಪ್ಪಿನಕಾಯಿ. ಹೆಚ್ಚೇನಿಲ್ಲ. ಆದರೆ ಬಡಿಸುವವರೇ ಅಡಿಗೆ ಮಾಡಿದವರು, ಹಾಗಾಗಿ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಒಂದು ದಿನ ಹಸಿ ಪಪ್ಪಾಯಿ ತೋರನಿನಲ್ಲಿ ಕಾಯಿಯೊಟ್ಟಿಗೆ ಬೆಳ್ಳುಳ್ಳಿ, ಜೀರಿಗೆ ಜಜ್ಜಿ ಹಾಕಿದ್ದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಈಗ ನಮ್ಮಲ್ಲೂ ಹಾಗೇ ಮಾಡುವುದು. ಅಮ್ಮನಿಗೆ ಮಾತ್ರ ಬೆಳ್ಳುಳ್ಳಿ ಹಾಕುವ ಮೊದಲೇ ಬೇರೆ ತೆಗೆದಿಡಬೇಕು.

ಸಂಜೆಯ ತಿಂಡಿಯ ಬಗ್ಗೆ ಉದ್ದ ಬರೆಯುವುದಿಲ್ಲ. ಕುಂಬಳೆ ಕಡೆ ಗೋಳಿಬಜೆ, ಕಾಞಂಗಾಡು ಕಡೆ ಬಾಳೆಹಣ್ಣಿನ ಪಳಂಪೊರಿ, ಕಾಸರಗೋಡು ಪೇಟೆಯಲ್ಲಿ ಎರಡೂ ಒಂದೇ ಗಾಜಿನ ಕಪಾಟಿನಲ್ಲಿ.

ಕಷ್ಟದ್ದು ಬೇರೆಯವರ ಮನೆಯ ಊಟ. ಮುಳ್ಳೇರಿಯದ ಆಚೆ ಒಂದು ತೋಟದಲ್ಲಿ ಮೋಟಾರು ಮೇಲೆತ್ತುವಾಗ ಒಂದೂವರೆ ಗಂಟೆಯಾಯಿತು. "ಊಟ ಮಾಡಿಕೊಂಡೇ ಹೋಗಿ ಅಣ್ಣ" ಎಂದು ಮನೆಯಾಕೆ ಕರೆದರು. ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ, ಮಾವಿನ ಮಿಡಿ. ಗಂಜಿಯ ತಿಳಿಗೆ ಮಿಡಿಯ ಕೆಂಪು ರಸ ಇಳಿದು ಹರಡುತ್ತಿತ್ತು. ಅಭ್ಯಾಸಬಲದಿಂದ ಮೊಬೈಲು ತೆಗೆದೆ. ಆಕೆ ಬೇಗನೆ ಅಡ್ಡ ಬಂದು ನಿಂತರು. "ಬೇಡ ಅಣ್ಣ, ಇವತ್ತು ಎಂತದ್ದೂ ಮಾಡಲಿಲ್ಲ, ಬರೀ ಗಂಜಿ." ನಾಚಿಕೆಯೋ ಬೇಸರವೋ, ನನಗಂತೂ ಮುಖ ಎತ್ತಲಾಗಲಿಲ್ಲ. ಅವರು ಉಣ್ಣುವುದನ್ನೇ ನನಗೂ ಬಡಿಸಿದ್ದರು. ನಾನು ಅದನ್ನು ಊರಿಗೆಲ್ಲ ತೋರಿಸುತ್ತೇನೆ ಎಂದಾಗಿಬಿಟ್ಟಿತು. ಅಂದಿನಿಂದ ಬೇರೆಯವರ ಮನೆಯಲ್ಲಿ ಮೊಬೈಲು ಕಿಸೆಯಿಂದ ಹೊರಗೆ ಬರುವುದಿಲ್ಲ. ಬೈಕಿನ ಹತ್ತಿರ ಬಂದು, ಹೊರಡುವ ಮೊದಲು, ಬಿಲ್ಲುಪುಸ್ತಕದ ಹಿಂದೆ ಎರಡು ಸಾಲು ಬರೆದುಕೊಳ್ಳುತ್ತೇನೆ. ಮನೆಯ ಹೆಸರು ಬರೆಯುವುದಿಲ್ಲ, ಬರೀ ಪದಾರ್ಥದ ಹೆಸರು. ರಾತ್ರಿ ಅದನ್ನೇ ಅಕ್ಕನಿಗೆ ಟೈಪು ಮಾಡುವುದು. ಮರುದಿನಕ್ಕೆ ಬಿಟ್ಟರೆ ರುಚಿ ಮರೆತು ಬರೀ ಪಟ್ಟಿ ಉಳಿಯುತ್ತದೆ, ಅದಕ್ಕೇ ಅವತ್ತೇ ಬರೆಯಬೇಕು.

ಫೋಟೋ ಇಲ್ಲದ ಈ ಊಟಗಳಿಗೇ ಅಕ್ಕನ ಉತ್ತರ ಉದ್ದ ಬರುತ್ತದೆ. ಆ ಗಂಜಿಯ ದಿನ ಅವಳು ಬರೆದದ್ದು ಹುರುಳಿ ಚಟ್ನಿಗೆ ಅಜ್ಜಿ ಹುಣಸೆಹುಳಿಯ ಬದಲು ಬೀಂಬುಳಿ ಎಂಬ ಹುಳಿಕಾಯಿ ಹಾಕುತ್ತಿದ್ದ ಸಂಗತಿ. ನನಗೆ ಅದು ನೆನಪೇ ಇರಲಿಲ್ಲ. ಅಮ್ಮನಿಗೆ ಓದಿ ಹೇಳಿದಾಗ, "ಹೌದು, ಬಾವಿಕಟ್ಟೆಯ ಹತ್ತಿರ ಮರ ಇತ್ತು, ಪಂಪ್‌ಶೆಡ್ಡಿಗೆ ಜಾಗ ಬೇಕೆಂದು ಕಡಿದದ್ದು" ಎಂದರು. ಪಂಪ್‌ಶೆಡ್ಡು ಕಟ್ಟಿಸಿದ್ದು ನಾನೇ.

ಈಗ ಎರಡು ವರ್ಷದಿಂದ ಅಕ್ಕನೂ ಅವಳ ಬಟ್ಟಲು ಕಳಿಸುತ್ತಾಳೆ. ಮೊನ್ನೆ ಜೋಳದ ಭಾಕರಿ, ಪಕ್ಕದಲ್ಲಿ ಹಸಿ ನೀರುಳ್ಳಿ, ನಡುವೆ ಗಟ್ಟಿ ಹಳದಿಯ ಏನೋ ಒಂದು. ಅಮ್ಮ ಕನ್ನಡಕ ಹಾಕಿ ಮೊಬೈಲನ್ನು ದೂರ ಹಿಡಿದು ನೋಡಿದರು.

"ಇದು ಮೇಲಾರವಾ?"

"ಅಲ್ಲಮ್ಮ, ಪಿಠ್ಲ. ಕಡ್ಲೆಹಿಟ್ಟಿನದ್ದು."

"ಕಾಯಿ ಎಷ್ಟು ಹಾಕುವುದಂತೆ?"

ಅಕ್ಕನನ್ನು ಕೇಳಿದೆ. ಕಾಯಿ ಹಾಕುವುದಿಲ್ಲ ಎಂದು ಉತ್ತರ ಬಂತು. ಅಮ್ಮ ಕನ್ನಡಕ ತೆಗೆದು ಮಡಚಿದರು.

"ಹಾಗಾದರೆ ಅದು ಬೋಳುಪಿಠ್ಲ ಎಂದು ಬರೆ."