ಉಸ್ತ್ರಾ ಹಿಡಿಯುವ ಮೊದಲು ಎಡಗೈ ಕಲಿಯಬೇಕು

ಉಸ್ತ್ರಾದಲ್ಲಿ, ಅಂದರೆ ಕ್ಷೌರದ ಮಡಚು ಕತ್ತಿಯಲ್ಲಿ, ಶೇವಿಂಗ್ ಕಲಿಯಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ನೀರಿನ ಮಾತು ಎತ್ತುತ್ತೇನೆ. ಕಲಬುರಗಿಯ ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಬಹಳ ಗಡಸು. ಅದರಲ್ಲಿ ಸೋಪು ಸರಿಯಾಗಿ ನೊರೆ ಬಿಡುವುದಿಲ್ಲ. ಬಿಟ್ಟರೂ ತೆಳ್ಳಗೆ ಬಂದು ಬೇಗ ಒಣಗುತ್ತದೆ. ಒಣಗಿದ ಕೆನ್ನೆಯ ಮೇಲೆ ಅಲಗು ಓಡಿಸಿದರೆ ಉರಿಯದೆ ಇರುತ್ತದಾ? ಅದಕ್ಕೇ ಒಂದು ಲೋಟ ಫಿಲ್ಟರ್ ನೀರು ಬಿಸಿ ಮಾಡಿ, ಬ್ರಷ್ಷನ್ನು ಅದರಲ್ಲೇ ನೆನೆಸುತ್ತೇನೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆಳಿಗ್ಗೆ ಬೇಗ ಕೂರುವುದು ಒಳ್ಳೆಯದು, ಫ್ಯಾನ್ ಬಂದ್ ಇರಲಿ. ಒಂದು ಕೆನ್ನೆ ಮುಗಿಸಿ ಆಮೇಲೆ ಇನ್ನೊಂದಕ್ಕೆ ನೊರೆ ಹಚ್ಚಿ.

ಉಸ್ತ್ರಾದಲ್ಲಿ ಎರಡು ಬಗೆ. ಕಟಿಂಗ್ ಅಂಗಡಿಗಳಲ್ಲಿ ಕಾಣುವುದು ಅರ್ಧ ಬ್ಲೇಡ್ ಹಾಕುವಂಥದ್ದು. ಇನ್ನೊಂದು, ಪೂರ್ತಿ ಉಕ್ಕಿನದು. ಜರ್ಮನಿಯ ಸೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್ ಅದಕ್ಕೆ ಹೆಸರಾದ ಊರುಗಳು. ನಾನು ಬ್ಲೇಡ್ ಹಾಕುವುದರಿಂದಲೇ ಶುರು ಮಾಡಿದೆ. ಅದು ಹಗುರ, ತುಂಬಾ ಚೂಪು, ಸ್ವಲ್ಪ ಒತ್ತಿದರೂ ಬಿಡುವುದಿಲ್ಲ. ಆದರೆ ಖರ್ಚು ಕಡಿಮೆ, ಹರಿತ ಮಾಡುವ ಚಿಂತೆ ಇಲ್ಲ. ಇದು ನಮಗೆ ಹಿಡಿಸುತ್ತದೋ ಇಲ್ಲವೋ ಅಂತ ನೋಡಲು ಅಷ್ಟು ಸಾಕು.

ನಮ್ಮ ಓಣಿಯ ಕಟಿಂಗ್ ಅಂಗಡಿಯ ಕಾಕಾ ಹೇಳಿಕೊಟ್ಟ ಪಾಠವೇ ನನಗೆ ಎಲ್ಲಕ್ಕಿಂತ ದೊಡ್ಡದು. "ತಮ್ಮಾ, ಉಸ್ತ್ರಾ ಆಮ್ಯಾಲೆ. ಮೊದಲ ತೊಗಲ ಎಳಿಯೋದು ಕಲಿ" ಅಂದರು. ಅವರ ಕೆಲಸ ನೋಡುತ್ತಾ ಕುಳಿತಾಗ ಗೊತ್ತಾಯಿತು, ಎಡಗೈ ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಕೆನ್ನೆಗೆ ಬಂದರೆ ಕಿವಿಯ ಹತ್ತಿರ ಬೆರಳಿಟ್ಟು ಚರ್ಮ ಮೇಲಕ್ಕೆ ಎಳೆಯುತ್ತದೆ. ಕುತ್ತಿಗೆಗೆ ಬಂದರೆ ಕೆಳಕ್ಕೆ. ಸಡಿಲ ಚರ್ಮ ಅಲಗಿನ ಮುಂದೆ ಮಡಿಕೆ ಬೀಳುತ್ತದೆ, ಗಾಯ ಆಗುವುದು ಅಲ್ಲೇ. ಅದಕ್ಕೇ ನಾನು ಬ್ಲೇಡ್ ಹಾಕದ ಉಸ್ತ್ರಾ ಹಿಡಿದು, ಕನ್ನಡಿ ಮುಂದೆ ಬರೀ ಎಳೆಯುವುದನ್ನೇ ಅಭ್ಯಾಸ ಮಾಡಿದೆ. ಬೆರಳು ಜಾರಿದರೆ ಆ ಜಾಗ ಒಣ ಬಟ್ಟೆಯಿಂದ ಒರೆಸಿಕೊಳ್ಳಿ.

ಅಲಗನ್ನು ಮೊದಲು ಕೆನ್ನೆಗೆ ಚಪ್ಪಟೆಯಾಗಿ ಇಡಿ. ಆಮೇಲೆ ಅದರ ಬೆನ್ನನ್ನು, ಅಂದರೆ ಹರಿತ ಇಲ್ಲದ ದಪ್ಪ ಅಂಚನ್ನು, ಸುಮಾರು 30 ಡಿಗ್ರಿ ಎತ್ತಿ. ಜಾಸ್ತಿ ಎತ್ತಿದರೆ ಕೆರೆಯುತ್ತದೆ, ತೀರಾ ಕಡಿಮೆಯಾದರೆ ಕೂದಲು ಎಳೆಯುತ್ತದೆ. ಒಂದು ಇಂಚಿನಷ್ಟು ಚಿಕ್ಕ ಚಿಕ್ಕ ಎಳೆತ ಸಾಕು. ಅಲಗು ಅಡ್ಡಕ್ಕೆ ಜಾರಬಾರದು, ಇದೊಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ತರಕಾರಿ ಹೆಚ್ಚುವ ಚಾಕು ಹಿಂದೆ ಮುಂದೆ ಆಡಿದ ಹಾಗೆ ಆಡಿದರೆ ಚರ್ಮ ಸೀಳುತ್ತದೆ.

ಶುರುವಿನಲ್ಲಿ ಕೆನ್ನೆ ಮಾತ್ರ ಉಸ್ತ್ರಾದಲ್ಲಿ ಮಾಡಿ, ಉಳಿದದ್ದನ್ನು ಮಾಮೂಲಿ ರೇಜರಿನಲ್ಲಿ ಮುಗಿಸುತ್ತಿದ್ದೆ. ಕೆನ್ನೆ ಹಿಡಿತಕ್ಕೆ ಬಂದ ಮೇಲೆ ಕುತ್ತಿಗೆ. ಅಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆದಿರುತ್ತದೆ. ಬೆರಳಾಡಿಸಿ ನೋಡಿ, ನುಣುಪಾಗಿ ಹೋಗುವ ಕಡೆ ಸೀದಾ, ಚುಚ್ಚುವ ಕಡೆ ಉಲ್ಟಾ. ಹೊಸಬರು ಸೀದಾ ಮಾತ್ರ ಹೊಡೆಯಿರಿ. ಗದ್ದ ಮತ್ತು ಮೂಗಿನ ಕೆಳಗಿನ ಜಾಗ ಕೊನೆಗೆ. ಅಲ್ಲಿ ಮೇಲ್ದುಟಿಯನ್ನು ಹಲ್ಲಿನ ಮೇಲೆ ಬಿಗಿ ಮಾಡಿಕೊಳ್ಳಬೇಕು.

ಮುಗಿದ ಮೇಲೆ ತಣ್ಣೀರು, ಆಮೇಲೆ ಪಟಿಕದ ತುಂಡು. ಪಟಿಕ ಎಲ್ಲಿ ಜೋರಾಗಿ ಉರಿಯುತ್ತದೋ ಅಲ್ಲಿ ಕೈ ಒತ್ತಿದೆ ಅಂತ ಲೆಕ್ಕ. ನನಗೆ ಪ್ರತಿ ಸಲ ತಿದ್ದಿದ್ದು ಅದೇ.

ಈಗ ನನ್ನ ಹತ್ತಿರ ಉಕ್ಕಿನ ಉಸ್ತ್ರಾ ಇದೆ. ಪ್ರತಿ ಶೇವಿಂಗಿಗೂ ಮೊದಲು ಅದನ್ನು ಚರ್ಮದ ಪಟ್ಟಿಯ ಮೇಲೆ ಆಡಿಸಬೇಕು. ಪಟ್ಟಿ ಬಿಗಿಯಾಗಿರಲಿ, ಬೆನ್ನು ಮುಂದೆ ಹೋಗಲಿ, ಅಲಗು ಹಿಂದೆ ಬರಲಿ. ತಿರುಗಿಸುವಾಗ ಬೆನ್ನಿನ ಮೇಲೆಯೇ ತಿರುಗಿಸಿ, ಇಲ್ಲದಿದ್ದರೆ ಪಟ್ಟಿಯೂ ಹಾಳು, ಹರಿತವೂ ಹಾಳು. ಬಳಸಿದ ಮೇಲೆ ಚೆನ್ನಾಗಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬಚ್ಚಲಿನಿಂದ ದೂರ ಇಡಿ. ಕಾರ್ಬನ್ ಉಕ್ಕಿಗೆ ತುಕ್ಕು ಬೇಗ. ಪಟ್ಟಿಗೆ ಆಡಿಸಿದ ಮೇಲೂ ಅಲಗು ಕೂದಲು ಎಳೆಯತೊಡಗಿದರೆ ಮಾತ್ರ ಸಾಣೆಕಲ್ಲು ಬೇಕು. ಪಟ್ಟಿಯ ಕೆಲಸ ಕೈಗೆ ಹತ್ತುವ ತನಕ ಅದನ್ನು ಕೊಳ್ಳಬೇಡಿ.