ಬಾಗಿಲು ತೆರೆದುಕೊಟ್ಟು ವಾಪಸಾದವರು: ಪ್ಯಾಟ್ ರೀಡ್ ಬಗ್ಗೆ ಬರೆದ ನನ್ನ ಅನುಭವ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರಿಗೆ ಸೆರೆಸಿಕ್ಕ ಬ್ರಿಟಿಷ್ ಸೇನಾಧಿಕಾರಿ ಪ್ಯಾಟ್ ರೀಡ್ ಅವರ ಜೀವನ ಬರೆಯಲು ಕೂತಾಗ ಮೊದಲ ಕರಡು ಹನ್ನೆರಡು ಪುಟವಾಯಿತು. ಅದರಲ್ಲಿ ಒಂಬತ್ತು ಪುಟ 1942ರ ಅಕ್ಟೋಬರ್ 14ರ ರಾತ್ರಿಗೇ ಹೋಗಿತ್ತು. ಜರ್ಮನ್ನರ ಕೋಲ್ಡಿಟ್ಸ್ ಕೋಟೆಯಿಂದ ಅವರು ತಪ್ಪಿಸಿಕೊಂಡ ರಾತ್ರಿ ಅದು. ಓದಿದ ಗೆಳೆಯರೊಬ್ಬರು, "ಕತೆಯೇನೋ ಚೆನ್ನಾಗಿದೆ. ಆದರೆ ಈ ಮನುಷ್ಯ ಎಂಥವರು ಅಂತ ತಿಳಿಯಲಿಲ್ಲ" ಎಂದರು. ಅವರು ಹೇಳಿದ್ದು ಸರಿಯಿತ್ತು. ಕರಡು ಮಡಚಿಟ್ಟು ಮೊದಲಿಂದ ಶುರು ಮಾಡಿದೆ.

ನಾನು ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವನು. ರೀಡ್ ಕೂಡ ಸಿವಿಲ್ ಎಂಜಿನಿಯರ್. ಹುಟ್ಟಿದ್ದು 1910ರಲ್ಲಿ, ನಮ್ಮ ರಾಂಚಿಯಲ್ಲಿ. ಓದಿದ್ದು ಲಂಡನ್ನಿನಲ್ಲಿ. 1940ರ ಮೇ 27ರಂದು ಫ್ರಾನ್ಸಿನ ಕಾಸೆಲ್ ಹತ್ತಿರ ಸೆರೆಸಿಕ್ಕರು. ಜರ್ಮನಿಯ ಲೌಫೆನ್ ಯುದ್ಧಕೈದಿಗಳ ಶಿಬಿರದ ನೆಲಮಾಳಿಗೆಯಿಂದ ಸುರಂಗ ತೋಡಿ, ಸೆಪ್ಟೆಂಬರಿನಲ್ಲಿ ಇನ್ನೂ ಐವರ ಜೊತೆ ಹೊರಬಿದ್ದರು. ಐದೇ ದಿನಕ್ಕೆ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದರು. ಆಮೇಲೆ ಕೋಲ್ಡಿಟ್ಸ್. ತಪ್ಪಿಸಿಕೊಳ್ಳುವ ಚಾಳಿಯ ಅಧಿಕಾರಿಗಳನ್ನು ತಂದು ಕೂಡಿಹಾಕುತ್ತಿದ್ದ ಸ್ಯಾಕ್ಸನಿಯ ಕೋಟೆ.

ಅಲ್ಲಿ ಬ್ರಿಟಿಷರ ಜೊತೆಗೆ ಪೋಲಿಷರು, ಫ್ರೆಂಚರು, ಡಚ್ಚರೂ ಇದ್ದರು. ಒಬ್ಬರ ಯೋಜನೆಗೆ ಇನ್ನೊಬ್ಬರು ಅಡ್ಡ ಬರಬಾರದೆಂದು ಪ್ರತಿ ದೇಶದವರೂ ಪಲಾಯನದ ಉಸ್ತುವಾರಿಗೆ ಒಬ್ಬ ಅಧಿಕಾರಿಯನ್ನು ನೇಮಿಸಿಕೊಂಡರು. ಬ್ರಿಟಿಷರ ಕಡೆಯಿಂದ ರೀಡ್. ಯಾರು ಹೋಗಬೇಕು, ಯಾವ ದಾರಿ, ಯಾವ ವೇಷ ಎಂಬುದೆಲ್ಲ ಅವರ ತಲೆಯ ಮೇಲೆ. ಆ ಹೊಣೆ ಹೊತ್ತಿರುವಷ್ಟು ದಿನ ತಾನು ಹೋಗುವಂತಿಲ್ಲ. ನನ್ನ ಕರಡಿನಲ್ಲಿ ಇದಕ್ಕೆ ಒಂದೇ ಸಾಲು ಸಿಕ್ಕಿತ್ತು. ಬರಹ ಸೋತಿದ್ದು ಅಲ್ಲೇ.

ಹಾಗಾಗಿ ಎರಡನೇ ಕರಡನ್ನು 1942ರ ಜನವರಿ 5ರ ರಾತ್ರಿಯಿಂದ ಶುರು ಮಾಡಿದೆ. ಕೋಟೆಯ ನಾಟಕಶಾಲೆಯ ವೇದಿಕೆಯ ಕೆಳಗೆ ರೀಡ್ ಮತ್ತು ಜೊತೆ ಕೈದಿ ಹ್ಯಾಂಕ್ ವಾರ್ಡಲ್ ತೂತು ಕೊರೆದಿದ್ದರು. ಅಲ್ಲಿಂದ ಇಳಿದರೆ ಕೈದಿಗಳಿಗೆ ಮುಚ್ಚಿಹಾಕಿದ್ದ ಒಂದು ಓಣಿ, ಅದರ ಆಚೆ ಜರ್ಮನ್ ಕಾವಲುಮನೆಯ ಅಟ್ಟ. ಆ ರಾತ್ರಿ ಬ್ರಿಟಿಷ್ ಅಧಿಕಾರಿ ಏರಿ ನೀವ್ ಮತ್ತು ಡಚ್ ಅಧಿಕಾರಿ ಟೋನಿ ಲುಟೇನ್ ಜರ್ಮನ್ ಅಧಿಕಾರಿಗಳ ವೇಷದಲ್ಲಿ ಇಳಿದರು. ರೀಡ್ ಓಣಿಯ ಬಾಗಿಲಿನ ಬೀಗ ತೆಗೆದುಕೊಟ್ಟರು. ಅವರಿಬ್ಬರೂ ಕಾವಲುಗಾರರ ಮುಂದೆಯೇ ನಡೆದು ಹಿಮದೊಳಗೆ ಹೊರಟುಹೋದರು. ರೀಡ್ ಮತ್ತು ವಾರ್ಡಲ್ ಹಿಂತಿರುಗಿ ಮೇಲೆ ಹತ್ತಿ, ತೂತು ಮುಚ್ಚಿ, ಕೈದಿಗಳ ನಡುವೆ ಹೋಗಿ ಮಲಗಿದರು.

ಆ ಮುಚ್ಚುವ ಕೆಲಸ ಎಷ್ಟು ಕಷ್ಟ ಎಂಬುದು ಮಾಡಿ ನೋಡದೆ ಗೊತ್ತಾಗುವಂಥದ್ದಲ್ಲ. ನಮ್ಮ ಗಾರೆ ಮೇಸ್ತ್ರಿಯನ್ನು ಕರೆಸಿ, ಮನೆಯ ಸಾಮಾನಿನ ಕೋಣೆಯ ಜಿಪ್ಸಮ್ ಸೀಲಿಂಗ್‌ನಲ್ಲಿ ಒಂದೂವರೆ ಅಡಿ ಚೌಕ ಕೊಯ್ಯಿಸಿದೆ. ನೇರವಾಗಿ ಕೊಯ್ದರೆ ಮುಚ್ಚಳ ಕೆಳಗೆ ಬೀಳುತ್ತದೆ. ಅಂಚನ್ನು ಓರೆ ಮಾಡಿ, ಮೇಲಿನಿಂದ ಕೂರುವ ಬಿರಡೆಯ ಹಾಗೆ ಮಾಡಿದೆವು. ಕೂತಿತು. ಆದರೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ನಾಲ್ಕೂ ಅಂಚು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಗೆರೆಗೆ ಗಾರೆ ಮೆತ್ತಿ ಬಣ್ಣ ಹೊಂದಿಸಿದೆವು. ಮರುದಿನ ಒಣಗಿದಾಗ ಅಷ್ಟು ಜಾಗ ಮಾತ್ರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಹಸಿ ಗಾರೆಯ ಬಣ್ಣ ನಂಬಬಾರದೆಂದು ನಾನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಸಿಮೆಂಟ್ ಪುಡಿ, ಮಸಿ ಬೆರೆಸುತ್ತಾ ಹೊಂದಿಕೆಯಾಗುವ ಹೊತ್ತಿಗೆ ಮೂರು ದಿನ ಹಿಡಿಯಿತು, ಅದೂ ಹಗಲು ಬೆಳಕಿನಲ್ಲಿ, ಸ್ಟೂಲಿನ ಮೇಲೆ ನಿಂತು, ಯಾರ ಬೂಟಿನ ಸದ್ದಿಗೂ ಕಿವಿಗೊಡದೆ.

ಕುತ್ತಿಗೆ ನೋಯುತ್ತಿದ್ದ ಆ ಮೂರನೇ ದಿನ ರೀಡ್ ನನಗೆ ಹತ್ತಿರವಾದರು. ತೂತು ಮುಚ್ಚಿದ್ದರಿಂದಲೇ ಮರುರಾತ್ರಿ ಇನ್ನಿಬ್ಬರು ಅದೇ ದಾರಿಯಲ್ಲಿ ಇಳಿದರು. ಅವರು ಉಲ್ಮ್ ಊರಿನಲ್ಲಿ ಸಿಕ್ಕಿಬಿದ್ದರು ನಿಜ. ನೀವ್ ಮತ್ತು ಲುಟೇನ್ ಮಾತ್ರ ಸ್ವಿಟ್ಜರ್ಲೆಂಡ್ ತಲುಪಿದರು. ಕೋಲ್ಡಿಟ್ಸ್‌ನಿಂದ ಹಾಗೆ ಪಾರಾದ ಮೊದಲ ಬ್ರಿಟಿಷ್ ಅಧಿಕಾರಿ ನೀವ್.

ಅದೇ ವರ್ಷ ರೀಡ್ ಉಸ್ತುವಾರಿಯನ್ನು ಡಿಕ್ ಹೌ ಅವರಿಗೆ ವಹಿಸಿ, ಅಕ್ಟೋಬರಿನಲ್ಲಿ ವಾರ್ಡಲ್, ಲಿಟಲ್‌ಡೇಲ್, ಸ್ಟೀಫನ್ಸ್ ಜೊತೆ ಹೊರಟರು. ಅಡುಗೆಮನೆಯ ಕಿಟಕಿ, ಜರ್ಮನ್ನರ ಅಂಗಳ, ನೆಲಮಾಳಿಗೆ, ಬಟ್ಟೆ ಬಿಚ್ಚಿ ನುಸುಳಬೇಕಾದಷ್ಟು ಕಿರಿದಾದ ಗಾಳಿಕಿಂಡಿ. ಅಂಗಳ ದಾಟಲು ಕೈದಿಗಳ ವಾದ್ಯವೃಂದದ ಸಂಗೀತವೇ ಸನ್ನೆ. ಅಕ್ಟೋಬರ್ 18ರಂದು ರೀಡ್ ಸ್ವಿಟ್ಜರ್ಲೆಂಡಿನ ಗಡಿ ದಾಟಿದರು. ಒಂಬತ್ತು ಪುಟ ತಿಂದಿದ್ದ ಆ ರಾತ್ರಿಗೆ ಹೊಸ ಬರಹದಲ್ಲಿ ಒಂದೂವರೆ ಪುಟ ಸಾಕಾಯಿತು. ಉಳಿದ ಜಾಗವನ್ನೆಲ್ಲ ಆ ಬೀಗಕ್ಕೆ, ಆ ಮುಚ್ಚಳಕ್ಕೆ ಕೊಟ್ಟೆ.

ಕೊಯ್ದು ತೆಗೆದ ಜಿಪ್ಸಮ್ ತುಂಡು ಈಗಲೂ ನನ್ನ ಮೇಜಿನ ಪಕ್ಕ ಗೋಡೆಗೆ ಒರಗಿದೆ. ಈಗ ಏರಿ ನೀವ್ ಬಗ್ಗೆ ಬರೆಯುತ್ತಿದ್ದೇನೆ. ಬ್ರಿಟನ್ನಿಗೆ ಮರಳಿದ ಮೇಲೆ ಅವರು ಎಂಐ9 ಎಂಬ ಬ್ರಿಟಿಷ್ ಗುಪ್ತಚರ ವಿಭಾಗ ಸೇರಿ, ಶತ್ರುಗಳ ನೆಲದಲ್ಲಿ ಸಿಕ್ಕಿಕೊಂಡ ಸೈನಿಕರನ್ನು ದಾಟಿಸುವ ಕೆಲಸಕ್ಕೆ ಕೂತರು.